ತೋಡಿನ ನಾಟಕ

ಬಂಟ್ವಾಳ ಪೇಟೆ
14 ಫೆಬ್ರವರಿ 2001

ಪೂವಮ್ಮಕ್ಕನಿಗೆ ಸೌದಾ ಬರೆಯುವುದು.

ಮೊನ್ನೆ ಭಾನುವಾರ ಮೂಡುಬಿದಿರೆಯ ಶಾಲೆಯಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿ ಬುರ್ಖಾ ಹಾಕಿಕೊಂಡು ಕುಳಿತಿದ್ದವಳು ನಾನು. ಫರ್ಹಾನಳ ತಾಯಿ. ಕಾಗದ ಬರೆಯುತ್ತೇನೆ ಎಂದಾಗ ನೀವು ನಕ್ಕಿರಿ, ಇವಳು ಎಲ್ಲಿ ಬರೆಯುತ್ತಾಳೆ ಎಂಬ ಹಾಗೆ. ನೋಡಿ, ಬರೆದಿದ್ದೇನೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಕಾಗದ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನಮ್ಮವರಿಗೆ ಇಲ್ಲಿ ಚಪ್ಪಲಿ ಅಂಗಡಿ ಉಂಟು. ಹೆಸರು ಅಬ್ದುಲ್ ನಾಸಿರ್. ದೊಡ್ಡ ಮಗಳು ಸಜ್ನಾಳಿಗೆ ಹತ್ತೊಂಬತ್ತು, ಫರ್ಹಾನಳಿಗೆ ಹನ್ನೊಂದು. ಅವಳು ಇದುವರೆಗೆ ನನ್ನನ್ನು "ಉಮ್ಮ" ಎಂದು ಕರೆದದ್ದಿಲ್ಲ. ಮಂಗಳೂರಿನ ಡಾಕ್ಟರು ಆಟಿಸಂ ಎಂದರು. ಆ ದಿನ ನನಗೆ ಸಮಾಧಾನವೇ ಆಗಿತ್ತು. ಹೆಸರಿರುವ ಕಾಯಿಲೆಗೆ ಮದ್ದೂ ಇರುತ್ತದೆ ಎಂದುಕೊಂಡಿದ್ದೆ.

ನಾಟಕ ಮಾಡಿಸುವ ಮೋಹಿನಿ ಟೀಚರ್ "ಇಂಥ ಮಕ್ಕಳಿಗೆಂದೇ ಮಾಡಿದ ನಾಟಕ" ಎಂದು ಕಾರ್ಡು ಹಾಕಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮ ಮಕ್ಕಳು ಎಲ್ಲಿ ಕುಳಿತಾರು, ಎಲ್ಲಿ ನೋಡಿಯಾರು? ಬಿಳಿ ಬಟ್ಟೆಯ ಡೇರೆ, ಆರು ಚಾಪೆ, ಒಂದೊಂದು ಮಗುವಿಗೆ ಒಬ್ಬೊಬ್ಬ ನಟ, ಇದೆಂಥ ನಾಟಕ ಎಂದುಕೊಂಡೆ. ಗುಡ್ಡದಿಂದ ನೀರಿನ ಸಣ್ಣ ತೋಡೊಂದು ಇಳಿದು ಬರುವುದು, ಅಷ್ಟೇ ಕಥೆ. ಅದನ್ನು ಅವರು ಬಾಯಿಯಲ್ಲಿ ಹೇಳಲೇ ಇಲ್ಲ. ನೀರು ಚಿಮುಕಿಸಿದರು, ಒದ್ದೆ ಮಣ್ಣಿನ ಪರಿಮಳ ಮೂಗಿಗೆ ಹಿಡಿದರು, ಮಡಕೆಯಲ್ಲಿ ತಣ್ಣಗಾದ ಕಲ್ಲುಗಳನ್ನು ಅಂಗೈಗೆ ಕೊಟ್ಟರು.

ನನ್ನ ಮಗಳು ಮಾತ್ರ ಹೋದ ಕೂಡಲೇ ತೋಡಿಗೆಂದು ಹಾಸಿದ್ದ ನೀಲಿ ಬಟ್ಟೆಯೊಳಗೆ ಸೇರಿಕೊಂಡು ಕೊನೆಯವರೆಗೂ ಹೊರಗೆ ಬರಲಿಲ್ಲ. ನಾವು ತಾಯಂದಿರೆಲ್ಲ ಡೇರೆಯ ಹೊರಗೆ ಬೆಂಚಿನಲ್ಲಿದ್ದೆವಲ್ಲ. ಪರದೆಯ ಸಂದಿನಿಂದ ನೋಡಿ ನಾನು ನಾಚಿಕೆಯಿಂದ ಎದ್ದೆ. ಮೋಹಿನಿ ಟೀಚರ್ ನನ್ನ ಕೈ ಹಿಡಿದು, "ಎಳಿಬೇಡಿ. ಅವಳು ಇದ್ದಲ್ಲಿಗೇ ನಾಟಕ ಹೋಗ್ತದೆ" ಎಂದರು. ಅವಳ ಜೊತೆಗಿದ್ದ ನಾಟಕದವರು ಬಟ್ಟೆಯ ಅಡಿಯಿಂದ ಒಂದು ಕಲ್ಲು ಒಳಗೆ ತಳ್ಳಿದರು. ಸ್ವಲ್ಪ ಹೊತ್ತು ಬಿಟ್ಟು ಅದು ವಾಪಸು ಹೊರಗೆ ಬಂತು. ಮತ್ತೆ ತಳ್ಳಿದರು, ಮತ್ತೆ ಬಂತು. ಅಕ್ಕ, ನನ್ನ ಮಗಳು ಇನ್ನೊಬ್ಬರ ಜೊತೆ ಆಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಿಮ್ಮ ಸೃಜನ್ ನಕ್ಕದ್ದು ಹೊರಗೆ ನನಗೂ ಕೇಳಿತು. ಒಳಗೆ ಅವನು ಏನೇನು ಮಾಡಿದ, ಬರೆಯಿರಿ.

ಸೌದಾ


ಮುಂಡಾಜೆ
6 ಮಾರ್ಚ್ 2001

ಸೌದಾ ಅವರಿಗೆ,

ಪೋಸ್ಟಿನ ವೆಂಕಪ್ಪ ನಿಮ್ಮ ಕಾಗದ ತಂದಾಗ ನಮ್ಮವರು ಯಾವುದೋ ನೋಟೀಸು ಅಂತ ಹೆದರಿದರು. ನಮಗೆ ಕಾಗದ ಬರೆಯುವವರು ಯಾರಿದ್ದಾರೆ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಉದ್ದ ಬರೆಯಲಿಕ್ಕೆ ಬರುವುದಿಲ್ಲ.

ನಮ್ಮವರ ಹೆಸರು ತುಕ್ರಪ್ಪ. ನಮಗೆ ಸ್ವಲ್ಪ ರಬ್ಬರ್ ಉಂಟು, ಬೆಳಗ್ಗೆ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಅವರೇ ಮಾಡುತ್ತಾರೆ. ಸೃಜನ್ ಒಬ್ಬನೇ ಮಗ. ಹದಿನಾರು ವರ್ಷ, ಅಪ್ಪನಿಗಿಂತ ಎತ್ತರ ಬೆಳೆದಿದ್ದಾನೆ. ಸಣ್ಣವನಿದ್ದಾಗ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಈಗ ದೂರ ನಿಲ್ಲುತ್ತಾರೆ. ಅವನಿಗೆ ಫಿಟ್ಸ್ ಕೂಡ ಉಂಟು. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ.

ಒಳಗೆ ಏನು ಮಾಡಿದ ಅಂತ ಕೇಳಿದಿರಿ. ಅವನ ಜೊತೆ ಇದ್ದ ನಟ ಶಂಭು ಅಂತ. ಅವರು ಒಂದು ಡೋಲನ್ನು ನೆಲದಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಸೃಜನ್ ಅದರ ಮೇಲೆ ಕೆನ್ನೆ ಇಟ್ಟು ಮಲಗಿದ. ಆಗ ನಕ್ಕದ್ದು. ಅಷ್ಟೇ. ಹೆಚ್ಚೇನಿಲ್ಲ.

ಇವರಿಗೆ ಹೇಳಿದರೆ, "ಒಂದು ದಿನದ ಕೆಲಸ ಹಾಳು ಮಾಡಿ ಕಲ್ಲು ಮುಟ್ಟಲಿಕ್ಕೆ ಮೂಡುಬಿದಿರೆಗೆ ಹೋಗಬೇಕಾ? ಇಲ್ಲಿ ಕಲ್ಲು ಇಲ್ವಾ?" ಅಂತ ಕೇಳಿದರು. ನನಗೆ ಸಿಟ್ಟು ಬಂತು. ಆಮೇಲೆ ಅದೂ ಸರಿ ಅನ್ನಿಸಿತು. ನಮ್ಮ ಮನೆಯ ಕೆಳಗೆ ನಿಜವಾದ ತೋಡೇ ಉಂಟಲ್ಲ. ಇಷ್ಟು ವರ್ಷ ಬಟ್ಟೆ ಒಗೆಯಲಿಕ್ಕೆ ಮಾತ್ರ ಹೋಗುತ್ತಿದ್ದೆ. ಈಗ ಸಂಜೆ ಅವನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಒದ್ದೆ ಬಂಡೆಗೆ ಕೆನ್ನೆ ಇಟ್ಟು ಮಲಗುತ್ತಾನೆ. ನಾನು ಡಬ್ಬ ತಟ್ಟುತ್ತೇನೆ. ನೋಡಿದವರು ತಾಯಿಗೂ ಹುಚ್ಚು ಅನ್ನಬಹುದು.

ನಿಮ್ಮ ಮಗಳು ಕಲ್ಲು ವಾಪಸು ತಳ್ಳಿದ್ದು ಓದಿ ಖುಷಿಯಾಯಿತು. ಬೇರೆ ಮಕ್ಕಳನ್ನು ನೋಡಿ ಅಳೆಯಬೇಡಿ.

ಪೂವಮ್ಮ


ಬಂಟ್ವಾಳ
28 ಏಪ್ರಿಲ್ 2001

ಪ್ರೀತಿಯ ಪೂವಮ್ಮಕ್ಕ,

ತಾಯಿಗೂ ಹುಚ್ಚು ಎಂದು ಬರೆದದ್ದು ಓದಿ ನಾನೊಬ್ಬಳೇ ಅಡುಗೆಮನೆಯಲ್ಲಿ ನಕ್ಕೆ. ನಾನೂ ಈಗ ನಿಮ್ಮ ಜಾತಿಗೆ ಸೇರಿದೆ. ಬಕೆಟಿನಲ್ಲಿ ಕಲ್ಲು ಹಾಕಿಟ್ಟಿದ್ದೇನೆ, ಫರ್ಹಾನ ಮಂಚದ ಅಡಿಯಲ್ಲಿ, ನಾನು ಹೊರಗೆ. ನಮ್ಮಿಬ್ಬರ ನಡುವೆ ಕಲ್ಲು ಹೋಗುತ್ತದೆ, ಬರುತ್ತದೆ.

ಕಳೆದ ವಾರ ಮೋಹಿನಿ ಟೀಚರ್ ಮನೆಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಮತ್ತೆ ನಾಟಕ ಉಂಟಂತೆ, ಅದೇ ಆರು ಮಕ್ಕಳಿಗೆ. ಒಂದೊಂದು ಮಗುವಿಗೆ ಯಾವ ಸದ್ದು ಆಗುವುದಿಲ್ಲ, ಯಾವ ಪರಿಮಳ ಬೇಕು ಎಂದು ಮೊದಲೇ ತಿಳಿದುಕೊಳ್ಳಲಿಕ್ಕೆ ಬಂದದ್ದು. ಫರ್ಹಾನಳ ಎದುರು ಬಹಳ ಹೊತ್ತು ಸುಮ್ಮನೆ ಕುಳಿತರು, ಮಾತಾಡಿಸಲಿಲ್ಲ. ನಮ್ಮವರು ಅಂಗಡಿಯಿಂದ ಬಂದು, "ಟೀಚರೇ, ಈ ನಾಟಕ ಮಾಡಿದ್ರೆ ಅವಳಿಗೆ ಮಾತು ಬರ್ತದಾ?" ಎಂದು ನೇರ ಕೇಳಿದರು.

"ಬರ್ತದೆ ಅಂತ ನಾನು ಹೇಳುವುದಿಲ್ಲ ನಾಸಿರಣ್ಣ. ಒಂದು ಗಂಟೆ ಅವಳಿಗೆ ಬೇಕಾದ ಹಾಗೆ ಲೋಕ ಇರ್ತದೆ. ಅಷ್ಟು ಹೇಳಬಹುದು."

ಅವರು ಹೋದ ಮೇಲೆ ನಮ್ಮವರು, "ಮಾತು ಬರುವುದಿಲ್ಲ ಅಂತಾದ್ರೆ ಯಾಕೆ?" ಎಂದರು. ಬರಬಹುದು ಎಂದು ನಾನು ಸುಳ್ಳು ಹೇಳಿದ್ದೇನೆ. ಇಲ್ಲದಿದ್ದರೆ ಸೆಪ್ಟೆಂಬರಿಗೆ ಬಿಡುವುದಿಲ್ಲ. ಏನಾದರೂ ಒಂದು ಎಡವಟ್ಟಾದರೆ ನಿಲ್ಲಿಸಲಿಕ್ಕೆ ಕಾಯುತ್ತಿದ್ದಾರೆ.

ಸಜ್ನಾಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಹೊರದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ಬೇರೆ ಏನನ್ನೂ ಈಗ ಬರೆಯುವುದಿಲ್ಲ.

ನಿಮ್ಮಲ್ಲಿಗೂ ಟೀಚರ್ ಬರುತ್ತಾರೆ, ಜೂನಿನಲ್ಲಿ. ಸೃಜನ್ ಹೇಗಿದ್ದಾನೆ?

ನಿಮ್ಮ ಸೌದಾ


ಮುಂಡಾಜೆ
9 ಜುಲೈ 2001

ಸೌದಾ ಅವರಿಗೆ,

ನಿಮ್ಮ ಕಾಗದ ಬಂದು ಬಹಳ ಸಮಯ ಆಯಿತು. ಬರೆಯಲಿಕ್ಕೆ ಆಗಲಿಲ್ಲ. ಇಲ್ಲಿ ಮಳೆ ಜೋರು. ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತಿದೆ.

ಮೋಹಿನಿ ಟೀಚರ್‌ಗೆ ಈಗ ಬರುವುದು ಬೇಡ ಅಂತ ಕಾರ್ಡು ಹಾಕಿದ್ದೇನೆ. ಸೃಜನ್‌ನಿಂದ ಈಗ ಏನೂ ತೊಂದರೆ ಇಲ್ಲ.

ನೀವು ಫರ್ಹಾನಳನ್ನು ಸೆಪ್ಟೆಂಬರಿಗೆ ತಪ್ಪದೆ ಕರೆದುಕೊಂಡು ಹೋಗಿ. ನಿಮ್ಮವರು ಬೇಡ ಅಂದರೂ ಹೋಗಿ.

ಪೂವಮ್ಮ


ಬಂಟ್ವಾಳ
25 ಸೆಪ್ಟೆಂಬರ್ 2001

ಪ್ರೀತಿಯ ಪೂವಮ್ಮಕ್ಕ,

ಮೊನ್ನೆ ನೀವು ಬರಲೇ ಇಲ್ಲ. ಸೃಜನ್‌ನಿಂದ ತೊಂದರೆ ಇಲ್ಲ ಎಂದು ಬರೆದಿದ್ದಿರಲ್ಲ, ಅವನು ಶಾಂತವಾಗಿದ್ದಾನೆ, ಖಂಡಿತ ಬರುತ್ತೀರಿ ಎಂದುಕೊಂಡು ನಾನು ಎರಡು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ನಿಮಗೆ ಅಕ್ಕಿ ರೊಟ್ಟಿ, ತರಕಾರಿ ಪಲ್ಯ. ಬೆಳ್ತಂಗಡಿ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಗೇಟಿನವರೆಗೆ ಹೋಗಿ ನೋಡಿ ಬಂದೆ.

ಆರನೆಯ ಚಾಪೆಯನ್ನು ತೆಗೆಯಬೇಡಿ ಎಂದು ಮೋಹಿನಿ ಟೀಚರ್ ಹೇಳಿದರು. ತಡವಾಗಿಯಾದರೂ ಬಂದರೆ ಎಂದು. ಶಂಭು ಡೋಲು ಇಟ್ಟುಕೊಂಡು ಅದರ ಪಕ್ಕ ಕೊನೆಯವರೆಗೂ ಕುಳಿತಿದ್ದರು.

ಫರ್ಹಾನ ಈ ಸಲ ಬಟ್ಟೆಯ ಹೊರಗೆ ಬಂದಳು. ನೀರು ಚಿಮುಕಿಸಿದಾಗ ಬಾಯಿ ತೆರೆದಳು. ಕೊನೆಗೆ ಅವಳ ಜೊತೆಗಿದ್ದ ನಾಟಕದ ಹುಡುಗಿಯ ಜಡೆಯನ್ನು ಹಿಡಿದು ಮೂಸಿ ನೋಡಿದಳು. ಇದನ್ನು ನಾನು ಯಾರಿಗೆ ಹೇಳಲಿ? ಮನೆಯಲ್ಲಿ ಹೇಳಿದರೆ ಜಡೆ ಮೂಸಿದ್ದು ಒಂದು ಸಂಗತಿಯಾ ಎನ್ನುತ್ತಾರೆ. ನೀವು ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತು.

ಯಾಕೆ ಬರಲಿಲ್ಲ? ಒಂದು ಸಾಲು ಬರೆಯಿರಿ.

ಸೌದಾ


ಬಂಟ್ವಾಳ
8 ನವೆಂಬರ್ 2001

ಶ್ರೀಮತಿ ಪೂವಮ್ಮ ಅವರಿಗೆ,

ಇದು ನನ್ನ ಕೊನೆಯ ಕಾಗದ. ಒಂದು ಸಾಲು ಕೇಳಿದ್ದೆ, ಅದೂ ಬರಲಿಲ್ಲ.

ಮೊದಲು ನಿಮಗೆ ಹುಷಾರಿಲ್ಲವೇನೋ ಎಂದುಕೊಂಡೆ. ಆಮೇಲೆ ಬೇರೆ ಯೋಚನೆ ಬಂತು. ಈಗ ಪೇಪರಿನಲ್ಲಿ ಮುಸಲ್ಮಾನರ ಬಗ್ಗೆ ಬರುವುದನ್ನೆಲ್ಲ ಓದಿ, ಬ್ಯಾರಿಗಳ ಜೊತೆ ನಿನಗೇನು ಕಾಗದ ಎಂದು ನಿಮ್ಮ ಯಜಮಾನರು ಹೇಳಿರಬಹುದು. ಹಾಗಿದ್ದರೆ ನೇರ ಬರೆಯಬಹುದಿತ್ತು. ಇಲ್ಲಿ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವರು ಕೆಲವರು ಈಗ ಎದುರಿನ ಅಂಗಡಿಗೆ ಹೋಗುತ್ತಾರೆ. ನಮಗೆ ಅಭ್ಯಾಸವಾಗಿದೆ. ನಿಮ್ಮಿಂದ ಮಾತ್ರ ನಿರೀಕ್ಷಿಸಿರಲಿಲ್ಲ.

ಸಜ್ನಾಳ ನಿಕಾಹ್ ಆಯಿತು. ನಿಮ್ಮನ್ನು ಕರೆಯಬೇಕೆಂದಿದ್ದೆ. ಕರೆದಿದ್ದರೂ ನೀವು ಅಲ್ಲಿ ಫರ್ಹಾನಳನ್ನು ನೋಡುತ್ತಿರಲಿಲ್ಲ. ಹುಡುಗನ ಕಡೆಯವರಿಗೆ ಅವಳ ವಿಷಯ ಗೊತ್ತಿಲ್ಲ. ನೋಡಲಿಕ್ಕೆ ಬಂದ ದಿನವೂ ನಿಕಾಹ್‌ನ ದಿನವೂ ಅವಳನ್ನು ನಮ್ಮವರ ಚಿಕ್ಕಮ್ಮ ಆಸ್ಯಮ್ಮನ ಮನೆಯಲ್ಲಿ ಬಿಟ್ಟಿದ್ದೆವು. ನಾನೇ ಬಿಟ್ಟು ಬಂದೆ. ಹೊಸ ಅಂಗಿ ಹಾಕಿಸಿದ್ದೆ. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಮದುವೆಮನೆಯಲ್ಲಿ ಯಾರೋ "ನಿಮಗೆ ಮಕ್ಕಳೆಷ್ಟು?" ಎಂದು ಕೇಳಿದರು. "ಒಬ್ಬಳೇ" ಎಂದೆ.

ಇದನ್ನು ಈ ಲೋಕದಲ್ಲಿ ನಿಮಗೊಬ್ಬರಿಗೆ ಮಾತ್ರ ಬರೆಯಬಹುದು. ಆದರೆ ನೀವು ಈಗ ಇಲ್ಲ. ನಿಮ್ಮ ಮಗ ಸುಧಾರಿಸಿದ ಕೂಡಲೇ ನಾವು ಬೇಡವಾದೆವು ಎಂದು ತಿಳಿದುಕೊಳ್ಳುತ್ತೇನೆ.

ಸೌದಾ


ಮುಂಡಾಜೆ
4 ಜನವರಿ 2002

ಸೌದಾ,

ನಿಮ್ಮ ಕಾಗದ ಬಹಳ ಸಲ ಓದಿದೆ. ಸಿಟ್ಟು ಮಾಡಿದ್ದು ಸರಿಯೇ. ಜಾತಿಯ ಮಾತು ಮಾತ್ರ ಸುಳ್ಳು. ನಮ್ಮವರು ಅಂಥವರಲ್ಲ.

ಸೃಜನ್ ಮೇ ತಿಂಗಳ ಕೊನೆಗೆ ಹೋದ.

ಆಗ ಮಳೆ ಶುರುವಾಗಿರಲಿಲ್ಲ. ತೋಡಿನಲ್ಲಿ ಪಾದ ಮುಳುಗುವಷ್ಟು ನೀರು. ಅವನು ಬಂಡೆಯ ಮೇಲೆ ಮಲಗಿದ್ದ. ಯಾವಾಗಲೂ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಆ ದಿನ ಸ್ವಲ್ಪ ಹೊತ್ತು ಮೇಲೆ ಮನೆಗೆ ಹೋಗಬೇಕಾಯಿತು. ವಾಪಸು ಬರುವಾಗ ಅವನ ಮುಖ ನೀರಿನಲ್ಲಿತ್ತು. ಫಿಟ್ಸ್ ಬಂದು ಹೊರಳಿದ್ದಾನೆ. ಅಷ್ಟು ಸಣ್ಣ ನೀರು. ನಾನು ಎತ್ತಿ ಕೂರಿಸಿದೆ. ಇವರು ಓಡಿ ಬಂದರು. ಜೀಪು ಮಾಡಿ ಬೆಳ್ತಂಗಡಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮುಟ್ಟಿ ನೋಡಿ ಆಗಿಹೋಗಿದೆ ಅಂದರು.

ಊರಿನವರೆಲ್ಲ, ಇವಳು ಆ ನಾಟಕಕ್ಕೆ ಹೋಗಿ ನೀರಿನ ಹುಚ್ಚು ಹಿಡಿಸಿಕೊಂಡು ಬಂದಳು, ಮಗನನ್ನು ಕಳೆದುಕೊಂಡಳು ಅಂತ ಆಡಿದರು. ಇವರೂ ಹೇಳಿದರು. "ನಿನ್ನ ನಾಟಕವೇ ಅವನನ್ನು ಕೊಂಡುಹೋದದ್ದು" ಅಂದರು. ಆಮೇಲೆ ನಾವು ಹೆಚ್ಚು ಮಾತಾಡಿಲ್ಲ.

ನಿಮಗೆ ಯಾಕೆ ಬರೆಯಲಿಲ್ಲ ಅಂದರೆ, ಏನಾದರೂ ಎಡವಟ್ಟಾದರೆ ನಿಲ್ಲಿಸಲಿಕ್ಕೆ ನಿಮ್ಮವರು ಕಾಯುತ್ತಿದ್ದಾರೆ ಅಂತ ನೀವೇ ಬರೆದಿದ್ದಿರಿ. ಈ ಸುದ್ದಿ ಗೊತ್ತಾದರೆ ಫರ್ಹಾನಳನ್ನು ಮತ್ತೆ ಕಳಿಸುತ್ತಾರಾ? ಅವಳಾದರೂ ಹೋಗಲಿ ಅಂತ ಸುಮ್ಮನಿದ್ದೆ. ಮೋಹಿನಿ ಟೀಚರ್‌ಗೂ ಹೇಳಿಲ್ಲ. ಕೇಳಿದರೆ ಅವರು ನಾಟಕವನ್ನೇ ಬಿಟ್ಟಾರು. ನೀವೂ ಹೇಳಬೇಡಿ.

ನಿಮಗೆ ಮಕ್ಕಳೆಷ್ಟು ಅಂತ ಕೇಳಿದಾಗ ಒಬ್ಬಳು ಅಂದದ್ದಕ್ಕೆ ಅಳಬೇಡಿ. ಅವಳು ಕಿಟಕಿಯ ಹತ್ತಿರ ಇದ್ದಳಲ್ಲ. ಹೋಗಿ ಕರೆದುಕೊಂಡು ಬಂದಿರಲ್ಲ. ನನಗೆ ಮಕ್ಕಳೆಷ್ಟು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಏನು ಹೇಳಬೇಕು ಅಂತ ಗೊತ್ತಿಲ್ಲ.

ಪೂವಮ್ಮ


ಬಂಟ್ವಾಳ
29 ಜನವರಿ 2002

ಅಕ್ಕ,

ನಿಮ್ಮಲ್ಲಿಂದ ಹೊರಟು ಮನೆಗೆ ಬಂದು ಮುಟ್ಟಿದೆ. ನಮ್ಮವರಿಗೆ ನಿಜವನ್ನೇ ಹೇಳಿದೆ, ಸೃಜನ್ ಹೇಗೆ ಹೋದ ಎಂದು. ಪೂರ್ತಿ ಕೇಳಿದರು. ಆಮೇಲೆ, "ಆ ತಾಯಿ ಏನು ಹೇಳ್ತಾಳೆ, ಫರ್ಹಾನಳನ್ನು ಕಳಿಸಬೇಕಂತಲಾ, ಬೇಡ ಅಂತಲಾ?" ಎಂದರು. ಕಳಿಸಬೇಕಂತೆ ಎಂದೆ. "ಹಾಗಾದ್ರೆ ಅವಳ ಮಾತು ದೊಡ್ಡದು" ಎಂದರು. ಇದನ್ನು ಮೊದಲು ಬರೆಯುತ್ತೇನೆ, ನಿಮ್ಮ ಮನಸ್ಸಿಗೆ ಅದೇ ಭಾರವಾಗಿತ್ತಲ್ಲ.

ನಿಮ್ಮ ಮನೆಗೆ ಬರುವಾಗ ದಾರಿಯುದ್ದಕ್ಕೂ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ನಿಮ್ಮನ್ನು ಕಂಡ ಕೂಡಲೇ ಹೋಯಿತು. ನೀವು ತೆಂಗಿನಕಾಯಿ ತುರಿಯುತ್ತಿದ್ದಿರಿ, ನಾನು ಬಟ್ಟಲು ಹಿಡಿದೆ. ನವೆಂಬರಿನ ಕಾಗದವನ್ನು ಒಲೆಗೆ ಹಾಕಿ ಎಂದೆ. ನೀವು ಹಾಕಲಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತುಕ್ರಪ್ಪಣ್ಣ ನನ್ನನ್ನು ರಸ್ತೆಯವರೆಗೆ ಬಿಡಲು ಬಂದರಲ್ಲ. ಬಸ್ಸು ಬರಲಿಕ್ಕೆ ತಡವಾಯಿತು. ಅವರು ನನ್ನ ಮುಖ ನೋಡದೆ, ರಸ್ತೆ ನೋಡುತ್ತಾ ಮಾತು ತೆಗೆದರು.

"ಅವಳು ನಿಮಗೆ ಬರೆದಿದ್ದಾಳಾ, ಆ ದಿನ ಯಾಕೆ ಮೇಲೆ ಬಂದದ್ದು ಅಂತ?"

"ಮನೆಗೆ ಹೋಗಬೇಕಾಯಿತು ಅಂತ ಬರೆದಿದ್ದಾರೆ. ಯಾಕೆ ಅಂತ ಇಲ್ಲ."

"ನಾನು ಕರೆದದ್ದು. ಮೋಡ ಹಾಕಿತ್ತು, ಕೊಡೆ ಎಲ್ಲಿಟ್ಟಿದ್ದಿ ಅಂತ ಕೇಳಲಿಕ್ಕೆ. ತೋಡಿನಿಂದಲೇ ಕೂಗಿ ಹೇಳಿದ್ಲು. ನೀನು ಬಂದು ತೆಗೆದುಕೊಡು ಅಂತ ನಾನು ಜೋರು ಮಾಡಿದೆ." ಆಮೇಲೆ, "ಅವಳು ಇದನ್ನು ಒಬ್ಬರ ಹತ್ತಿರವೂ ಹೇಳಲಿಲ್ಲ. ಜನ ಎಲ್ಲ ಅವಳನ್ನೇ ಬೈದರು. ನಾನೂ ಬೈದೆ. ಅವಳು ಬಾಯಿ ಬಿಡಲಿಲ್ಲ" ಎಂದರು.

"ಅಕ್ಕನ ಹತ್ತಿರ ಹೇಳಿ ಅಣ್ಣ" ಎಂದೆ.

"ಬಾಯಿ ಬರುವುದಿಲ್ಲ. ಆ ಮೂರು ತಿಂಗಳು ಅವ ಸಂಜೆ ಸಂಜೆ ತೋಡಿನಲ್ಲಿ ನಗಾಡುವುದು ತೋಟದವರೆಗೆ ಕೇಳ್ತಿತ್ತು. ನಾನು ಟ್ಯಾಪಿಂಗ್ ಕತ್ತಿ ಮಸೆಯುವುದು ನಿಲ್ಲಿಸಿ ಕೇಳ್ತಿದ್ದೆ. ಅದನ್ನೂ ಹೇಳಲಿಲ್ಲ ಅವಳಿಗೆ. ನೀವು ಕಾಗದ ಬರೆಯುವವರಲ್ವಾ. ನೀವು ಬರೆಯಿರಿ."

ಆಗ ಬಸ್ಸು ಬಂತು. ಹಾಗಾಗಿ ಬರೆದಿದ್ದೇನೆ. ನನ್ನ ಮಾತು ಇದರಲ್ಲಿ ಏನೂ ಇಲ್ಲ, ಎಲ್ಲ ಅವರದ್ದೇ.

ಮೋಹಿನಿ ಟೀಚರ್‌ಗೆ ನಾನು ಹೇಳಿಲ್ಲ. ಸೃಜನ್ ಹೇಗಿದ್ದಾನೆ ಎಂದು ಅವರು ಮೊನ್ನೆ ಕೂಡ ಕೇಳಿದರು. ಸುಳ್ಳು ಹೇಳಿ ಸಾಕಾಗಿದೆ ಅಕ್ಕ. ಫಿಟ್ಸ್ ಇರುವ ಇನ್ನೊಬ್ಬ ಹುಡುಗ ಈ ಸಲ ಸೇರುತ್ತಿದ್ದಾನೆ, ಅವನ ತಾಯಿಗಾದರೂ ಗೊತ್ತಿರಬೇಕಲ್ಲ. ನೀವು ಹೂಂ ಎಂದರೆ ಹೇಳುತ್ತೇನೆ. ಮಾರ್ಚಿನಲ್ಲಿ ಮತ್ತೆ ನಾಟಕ ಉಂಟು. ನೀವು ಬಂದು ನನ್ನ ಪಕ್ಕ ಕೂರುತ್ತೀರಾ?

ಸೌದಾ


ಮುಂಡಾಜೆ
17 ಫೆಬ್ರವರಿ 2002

ಸೌದಾ,

ಇನ್ನು ನಿನಗೆ ನೀನು ಅಂತಲೇ ಬರೆಯುತ್ತೇನೆ. ಬೇಸರ ಮಾಡಬೇಡ.

ಟೀಚರ್‌ಗೆ ಹೇಳು. ಆ ಹುಡುಗನ ತಾಯಿಗೂ ಹೇಳು. ನೀರಿನ ಹತ್ತಿರ ಒಂದು ಕ್ಷಣವೂ ಬಿಡಬಾರದು ಅಂತ ಹೇಳು. ಯಾರು ಕರೆದರೂ ಹೋಗಬಾರದು ಅಂತ ಹೇಳು. ನಾಟಕ ಬಿಡಬೇಡಿ ಅಂತ ನಾನು ಹೇಳಿದ್ದೇನೆ ಅಂತಲೂ ಹೇಳು.

ಮಾರ್ಚಿಗೆ ನಾನು ಬರುವುದಿಲ್ಲ. ಕರೆಯಬೇಡ. ಆ ಬೆಂಚಿನಲ್ಲಿ ಕುಳಿತು ಬೇರೆ ಮಕ್ಕಳು ನಗುವುದನ್ನು ಕೇಳಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ. ಮುಂದೆ ಆಗುತ್ತದೋ ನೋಡುವ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಪೂರ್ತಿ. ಕೊಡೆಯ ಸಂಗತಿ ಬಂದಾಗ ಇವರು ಎದ್ದು ಹೊರಗೆ ಹೋದರು. ನಾನು ನಿಲ್ಲಿಸಲಿಲ್ಲ. ಖಾಲಿ ಚಾವಡಿಗೇ ಓದಿ ಮುಗಿಸಿದೆ. ಅವರು ಗೋಡೆಯ ಆಚೆ ನಿಂತು ಕೇಳುತ್ತಿದ್ದರು ಅಂತ ನನಗೆ ಗೊತ್ತಿತ್ತು.

ಮರುದಿನ ಊಟಕ್ಕೆ ಕುಳಿತಾಗ, "ಸೃಜನ್ ಆ ದಿನ ಮೂಡುಬಿದಿರೆಯಲ್ಲಿ ಒಳಗೆ ಏನು ಮಾಡಿದ?" ಅಂತ ಕೇಳಿದರು. ವರ್ಷ ಆಯಿತು. ಇವರು ಆ ನಾಟಕದ ಬಗ್ಗೆ ಒಂದು ಮಾತು ಕೇಳಿದವರಲ್ಲ.

ಎಲ್ಲ ಹೇಳಿದೆ. ನಿನಗೆ ಬರೆಯದೆ ಬಿಟ್ಟದ್ದನ್ನೂ ಹೇಳಿದೆ. ನಿನ್ನ ಮಗಳು ಆ ದಿನ ಬಟ್ಟೆಯೊಳಗೇ ಇದ್ದಳಲ್ಲ, ನಿನಗೆ ನೋವಾಗುತ್ತದೆ ಅಂತ ಆಗ ಬರೆದಿರಲಿಲ್ಲ. ನಾಟಕ ಮುಗಿದು ಎಲ್ಲರೂ ಹೊರಟರು, ಸೃಜನ್ ಏಳಲಿಲ್ಲ. ನಾನು ಕರೆಯಲಿಕ್ಕೆ ಒಳಗೆ ಹೋದೆ. ಅವನು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. ಅವನ ತಲೆಯನ್ನು ಯಾರೂ ಮುಟ್ಟಲಿಕ್ಕಿರಲಿಲ್ಲ, ನಿನಗೆ ಗೊತ್ತಿಲ್ಲ. ಕೂದಲು ಕತ್ತರಿಸಬೇಕಾದರೆ ಇಬ್ಬರು ಹಿಡಿಯಬೇಕಿತ್ತು. ಎಣ್ಣೆ ಹಚ್ಚಿದ್ದೆಲ್ಲ ಅವನು ನಿದ್ದೆಯಲ್ಲಿರುವಾಗ.

ಇವರು ಊಟ ಬಿಟ್ಟು ಕೇಳುತ್ತಿದ್ದರು.

"ಎಷ್ಟು ಹೊತ್ತು ಇಟ್ಕೊಂಡ?" ಅಂದರು.

"ನಾನು ತೆಗೆಯುವವರೆಗೆ" ಅಂದೆ.

"ನೀನು ಯಾಕೆ ತೆಗೆದದ್ದು?"

"ಬಸ್ಸಿಗೆ ಹೊತ್ತಾಗಿತ್ತು" ಅಂದೆ.

ಪೂವಮ್ಮ